ಮದುಮಗನಿಲ್ಲದ ಮದುವೆಯ ಚಿತ್ರ

ನನಗೆ ಕಿವಿ ಬರೆಯಲು ಬರುವುದಿಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ಇದನ್ನು ನಿವೃತ್ತಿಯಾದ ಮೇಲಾದರೂ ಒಪ್ಪಿಕೊಳ್ಳಬೇಕು. ಕಣ್ಣು, ಮೂಗು, ತುಟಿ ಹೇಗೋ ದಾರಿಗೆ ಬರುತ್ತವೆ. ಕಿವಿ ಮಾತ್ರ ಒಮ್ಮೆ ಬಸವನಹುಳುವಿನ ಹಾಗೆ, ಇನ್ನೊಮ್ಮೆ ಕರಿದ ಹಪ್ಪಳದ ಹಾಗೆ ಆಗಿಬಿಡುತ್ತದೆ. ಆದ್ದರಿಂದ ನನ್ನ ಚಿತ್ರಗಳ ಹೆಂಗಸರೆಲ್ಲ ತಲೆತುಂಬ ಸೆರಗು ಹೊದ್ದವರು, ಗಂಡಸರೆಲ್ಲ ಪೇಟ ಸುತ್ತಿದವರು. ನೋಡಿದವರು, "ಮೇಷ್ಟ್ರಿಗೆ ಸಂಪ್ರದಾಯ ಅಂದ್ರೆ ಎಷ್ಟು ಗೌರವ!" ಎನ್ನುತ್ತಾರೆ. ಪಾಪ, ಅವರ ನಂಬಿಕೆ ಯಾಕೆ ಕೆಡಿಸಲಿ ಎಂದು ನಾನೂ ಸುಮ್ಮನಿರುತ್ತೇನೆ.

ಇಂಥ ನನ್ನ ಹತ್ತಿರ ಹೋದ ಜೂನ್ ತಿಂಗಳಲ್ಲಿ ರಶೀದ್ ಸಾಹೇಬರು ಬಂದರು. ಅವರು ನಮ್ಮ ಬಾಳ್ಳುಪೇಟೆಯಲ್ಲಿ ಕಾಫಿ, ಮೆಣಸು ಕೊಳ್ಳುವ ವ್ಯಾಪಾರಿ. ಒಂದು ಕಾಫಿ ಬೀಜವನ್ನು ಹಲ್ಲಿನ ನಡುವೆ ಇಟ್ಟು ಕಟಕ್ಕೆಂದು ಕಚ್ಚಿ, "ಇನ್ನೂ ಎರಡು ಬಿಸ್ಲು ಬೇಕು" ಎಂದರೆ ಮುಗಿಯಿತು, ಎಂಥ ದೊಡ್ಡ ಎಸ್ಟೇಟಿನವರೂ ಚೀಲ ವಾಪಸ್ಸು ಒಯ್ದು ಕಣದಲ್ಲಿ ಹರವಬೇಕು. ಅವರ ಹೆಂಡತಿ ಜುಬೇದಾ ತೀರಿಕೊಂಡು ಎರಡು ವರ್ಷವಾಗಿತ್ತು. ಅಂದಿನಿಂದ ಸಾಹೇಬರು ಮಾತು ಕಡಿಮೆ ಮಾಡಿದ್ದರು. ಆವತ್ತು ಬಂದವರು ಕೊಡೆ ಮಡಿಚುವ ಮೊದಲೇ ವಿಷಯಕ್ಕೆ ಬಂದರು.

"ಮೇಷ್ಟ್ರೇ, ನಮ್ ಮದ್ವೇದು ಒಂದು ಚಿತ್ರ ಬರ್ಕೊಡ್ಬೇಕು. ಆಯಿಲ್ ಪೇಂಟೇ ಆಗ್ಬೇಕು ಕಣ್ರೀ. ಒಳಗಿನ ಕೋಣೇಲಿ ಇಟ್ಕೋತೀನಿ."

ಫೋಟೋ ಇದೆಯೇ ಎಂದು ಕೇಳಿದೆ. ಜೇಬಿನಿಂದ ಒಂದು ಕಪ್ಪು ಬಿಳುಪು ಫೋಟೋ ತೆಗೆದರು. ಹತ್ತು ಹನ್ನೆರಡು ಗಂಡಸರು ಜಮಖಾನದ ಮೇಲೆ ಕೂತಿದ್ದಾರೆ. ನಡುವೆ ಹಣೆಯಿಂದ ಎದೆಯವರೆಗೆ ಹೂವಿನ ಸರಗಳ ಪರದೆ ಇಳಿಬಿಟ್ಟುಕೊಂಡ ಒಂದು ಆಕೃತಿ. "ಇದು ನಾನು" ಎಂದರು ಸಾಹೇಬರು. ನಂಬುವುದಕ್ಕೆ ಅವರ ಮಾತೊಂದೇ ಆಧಾರ. ನನಗಂತೂ ಖುಷಿಯಾಯಿತು, ಯಾಕೆಂದರೆ ಕಿವಿ ಎಲ್ಲೂ ಕಾಣುತ್ತಿರಲಿಲ್ಲ.

ಮದುವೆಯ ಚಿತ್ರ ಎಂದರೆ ಹೇಗಿರಬೇಕು ಎಂಬ ಬಗ್ಗೆ ನಮಗೆಲ್ಲ ಒಂದು ಗಟ್ಟಿ ಕಲ್ಪನೆ ಇದೆ. ಅದನ್ನು ಕೊಟ್ಟದ್ದು ಕಿರಾಣಿ ಅಂಗಡಿಯ ಕ್ಯಾಲೆಂಡರುಗಳು. ಗಿರಿಜಾಕಲ್ಯಾಣವಾಗಲಿ ಸೀತಾಕಲ್ಯಾಣವಾಗಲಿ, ಗಂಡು ಹೆಣ್ಣು ನಟ್ಟನಡುವೆ ಕೈಹಿಡಿದು ನಿಂತಿರುತ್ತಾರೆ, ಮೂರು ಲೋಕದ ದೇವತೆಗಳೂ ಯಾರೋ ಗ್ರೂಪ್ ಫೋಟೋ ತೆಗೆಯುತ್ತಿರುವ ಹಾಗೆ ನಮ್ಮ ಕಡೆಗೇ ತಿರುಗಿರುತ್ತಾರೆ. ನಿಜವಾದ ಮದುವೆಯಲ್ಲಿ ಮದುಮಗನಿಗೆ ಕಾಣುವುದೇ ಬೇರೆ. ನನ್ನ ಮದುವೆಯಲ್ಲಿ ನಾನು ಕಂಡದ್ದು ಹೊಗೆ ಮತ್ತು ಪುರೋಹಿತರ ಹೆಬ್ಬೆರಳು, ಅಷ್ಟೇ. ಸಾಹೇಬರು ಬರುವುದಕ್ಕೆ ಸ್ವಲ್ಪ ದಿನ ಮುಂಚೆ ನನ್ನ ಹೆಂಡತಿ ಸಾವಿತ್ರಿ, "ಧಾರೇಲಿ ನಾನು ಯಾವ್ ಬಣ್ಣದ್ ಸೀರೆ ಉಟ್ಟಿದ್ದೆ ಹೇಳಿ ನೋಡಣ, ನೀವು ಬಣ್ಣದ ಮೇಷ್ಟ್ರಲ್ವಾ" ಎಂದಳು. ಧೈರ್ಯವಾಗಿ ಹಸಿರು ಎಂದೆ. ಅದು ಅವಳ ತಂಗಿಯ ಸೀರೆಯಂತೆ. ಆ ದಿನ ಮಧ್ಯಾಹ್ನ ಊಟಕ್ಕೆ ನಿನ್ನೆಯ ಸಾರು ಬಂತು.

ಆ ಕ್ಯಾಲೆಂಡರಿನ ಕಲ್ಪನೆಯಲ್ಲೇ ನಾನು ಒಂದು ಪೆನ್ಸಿಲ್ ಸ್ಕೆಚ್ ಮಾಡಿದೆ. ಜುಬೇದಾ ಮತ್ತು ಸಾಹೇಬರು ಅಕ್ಕಪಕ್ಕ ಕೂತಿದ್ದಾರೆ, ಅವರ ಕೈಯಲ್ಲಿ ಇವರ ಕೈ. ಸಾಹೇಬರು ಅದನ್ನು ನೋಡಿ ಕೆಮ್ಮು ಬರುವಷ್ಟು ನಕ್ಕರು.

"ಅಲ್ಲ ಮಾರಾಯ್ರೇ, ನಮ್ಗೆ ಧಾರೆ ಎರೆಸ್ಬುಟ್ರಲ್ಲ! ನಮ್ ನಿಕಾಹ್‌ನಲ್ಲಿ ಗಂಡೊಂದು ಕಡೆ, ಹೆಣ್ಣೊಂದು ಕಡೆ. ನಾನು ಹಜಾರದಾಗೆ, ಅವ್ಳು ಒಳ್ಗಡೆ. ಅವ್ಳ ಚಿಕ್ಕಪ್ಪಾರು ಇಬ್ರು ಸಾಕ್ಷಿ ಕರ್ಕೊಂಡು ಒಳ್ಗೋಗಿ ಕೇಳಿದ್ರು. ಆಚಿಗ್ ಬಂದು, ಒಪ್ಪವ್ಳೆ ಅಂದ್ರು. ಆಮ್ಯಾಕೆ ನನ್ನ ಕೇಳಿದ್ರು."

ಮೂವತ್ತು ವರ್ಷ ಅವರ ಮನೆಯಲ್ಲಿ ರಂಜಾನ್ ಹಬ್ಬದ ಊಟ ಉಂಡವನಿಗೆ ಇಷ್ಟು ಗೊತ್ತಿರಲಿಲ್ಲ. ನಾಚಿಕೆಯಿಂದ ರಬ್ಬರ್ ಹುಡುಕತೊಡಗಿದೆ. ಸಾಹೇಬರ ನಗು ಅಷ್ಟರಲ್ಲಿ ನಿಂತುಹೋಗಿತ್ತು.

"ಒಳಿಕ್ ಹೋದೋರು ಬೇಗ ಬರ್ಲಿಲ್ಲ ಮೇಷ್ಟ್ರೇ. ಬಾಳ ಹೊತ್ತಾಯ್ತು. ಒಳ್ಗಿಂದ ಹೆಂಗಸ್ರೆಲ್ಲ ಜೋರಾಗಿ ನಕ್ಕಿದ್ದು ಕೇಳುಸ್ತು. ಆಮೇಲೆ ಬಂದು ಒಪ್ಪವ್ಳೆ ಅಂದ್ರು. ಅವ್ಳು ಒಪ್ಕೊಂಡಿದ್ದು ನಾನ್ ಕೇಳ್ಲೇ ಇಲ್ಲ."

ಜುಬೇದಾ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸು. ಹಾಸನದ ಕಾಲೇಜಿಗೆ ಅರ್ಜಿ ತರಿಸಿಟ್ಟುಕೊಂಡಿದ್ದರಂತೆ. ಅದೇ ತಿಂಗಳು ಮದುವೆ ಗೊತ್ತಾಯಿತು. ಕೆಲವು ಮನೆಗಳಲ್ಲಿ ಹುಡುಗಿ ಬಾಯಿಬಿಡದಿದ್ದರೆ ಹಿಂದೆ ಕೂತ ಅಜ್ಜಿಯೊಬ್ಬರು ತಲೆಯನ್ನು ಮೆಲ್ಲಗೆ ಮುಂದಕ್ಕೆ ಒತ್ತಿಬಿಡುತ್ತಾರೆ, ನೋಡಿದವರಿಗೆ ತಲೆಯಾಡಿಸಿದ ಹಾಗೆ ಕಾಣುತ್ತದೆ ಎಂದು ಯಾರೋ ತಮಾಷೆಗೆ ಹೇಳಿದ್ದು ಸಾಹೇಬರ ತಲೆಯಲ್ಲಿ ಕೂತುಬಿಟ್ಟಿತ್ತು. ಜಗಳವಾದಾಗಲೆಲ್ಲ ಅವರು, "ನೀನು ಒಪ್ಪಿದ್ಯೋ, ನಿಮ್ಮಜ್ಜಿ ಒಪ್ಪಿದ್ರೋ" ಎಂದು ರೇಗಿಸುವುದು, ಜುಬೇದಾ "ಅದ್ ನಿಮ್ಗ್ಯಾಕೆ ಹೇಳ್ಲಿ" ಎಂದು ಒಳಗೆ ಹೋಗುವುದು, ಹೀಗೇ ನಲವತ್ತು ವರ್ಷ ನಡೆದಿತ್ತು. ರೇಗಿಸದೆ ನೆಟ್ಟಗೆ ಒಂದು ದಿನ ಕೇಳಬಹುದಿತ್ತು. ಕೇಳಿರಲಿಲ್ಲ.

"ನನ್ನ ಬರೀಬೇಡಿ. ಆ ಒಳಗಿನ ಕೋಣೆ ಬರೀರಿ. ಕೇಳಿದಾಗ ಅವ್ಳ ಮುಖ ಹೆಂಗಿತ್ತೋ ಹಂಗೆ. ಇಷ್ಟ ಇರ್ಲಿಲ್ಲ ಅಂದ್ರೆ ಇಷ್ಟ ಇಲ್ದಂಗೇ ಬರೀರಿ. ನಾನೇನು ಬೇಜಾರ್ ಮಾಡ್ಕಳಲ್ಲ" ಎಂದರು. ಬೇಜಾರು ಮಾಡಿಕೊಳ್ಳದವರ ಮುಖ ಹಾಗಿರುವುದಿಲ್ಲ.

ಆ ಕೋಣೆಯಲ್ಲಿ ಇದ್ದವರಲ್ಲಿ ಉಳಿದಿರುವುದು ಜುಬೇದಾ ಅವರ ತಂಗಿ ಮುಮ್ತಾಜ್ ಒಬ್ಬರೇ. ಹೆತ್ತೂರಿನಲ್ಲಿ ಅವರದೊಂದು ಬಟ್ಟೆ ಅಂಗಡಿ. "ನಾನ್ ಕೇಳಿದ್ರೆ ಚೆನ್ನಾಗಿರಲ್ಲ, ನೀವೇ ಹೋಗ್ ಬನ್ನಿ" ಎಂದು ಸಾಹೇಬರು ನನ್ನನ್ನು ಬಸ್ಸು ಹತ್ತಿಸಿದರು. ಹೆತ್ತೂರಿನ ಮಳೆ ಗೊತ್ತಲ್ಲ, ಮೇಲಿಂದ ಬೀಳುವುದರ ಜೊತೆಗೆ ಪಕ್ಕದಿಂದಲೂ ಬರುತ್ತದೆ. ಅಂಗಡಿ ಮುಟ್ಟುವಷ್ಟರಲ್ಲಿ ನಾನು ಹಿಂಡಿ ಒಣಗಿಹಾಕುವ ಸ್ಥಿತಿಯಲ್ಲಿದ್ದೆ. ದಾರಿಯುದ್ದಕ್ಕೂ ಒಂದೇ ಯೋಚನೆ. ಅಜ್ಜಿ ತಲೆ ಒತ್ತಿದ್ದು ನಿಜವೇ ಆಗಿದ್ದರೆ ನಾನು ಯಾವ ಮುಖ ಬರೆಯಲಿ? ಸುಳ್ಳು ನಗು ಬರೆಯುವುದು ಕಷ್ಟವೇನಲ್ಲ. ತುಟಿಯ ತುದಿಯನ್ನು ಒಂದು ಕೂದಲಿನಷ್ಟು ಮೇಲಕ್ಕೆ ಎಳೆದರೆ ಸಾಕು. ಆದರೆ ಬೀಜ ಕಚ್ಚಿ ತೇವ ಹೇಳುವ ಮನುಷ್ಯನಿಗೆ ಅದು ಗೊತ್ತಾಗದೇ ಇರುತ್ತದೆಯೇ?

ಮುಮ್ತಾಜ್ ಒಣ ಟವೆಲ್ ಕೊಟ್ಟು, ಕಾಫಿ ಕೊಟ್ಟು, ನನ್ನ ಪ್ರಶ್ನೆ ಕೇಳಿ ಬಾಯಿಗೆ ಸೆರಗು ಅಡ್ಡಹಿಡಿದು ನಗತೊಡಗಿದರು.

"ಅಯ್ಯೋ ಮೇಷ್ಟ್ರೇ, ಅದು ಕೋಣೆ ಎಲ್ಲಿ ಬಂತು, ನಮ್ಮಪ್ಪನ ಸ್ಟೋರು! ಮನೆತುಂಬ ನೆಂಟ್ರು, ಬೇರೆ ಜಾಗ ಇರ್ಲಿಲ್ಲ. ಕಾಳುಮೆಣಸಿನ ಚೀಲಕ್ಕೆ ಒಂದು ಜಮಖಾನ ಹಾಸಿ ಅಕ್ಕನ್ನ ಕೂರ್ಸಿದ್ರು. ಚಿಕ್ಕಪ್ಪ ಬಂದು ಒಪ್ಪಿಗೇನಾ ಅಂತ ಕೇಳಿದ್ರು. ಅಕ್ಕ ಬಾಯಿ ತೆರೆದ್ಲು, ಸೀನು ಬಂದ್ಬುಡ್ತು! ಇನ್ನೊಂದ್ಸಲ ಕೇಳಿದ್ರು, ಇನ್ನೊಂದು ಸೀನು. ಸಾಕ್ಷಿಗೆ ಬಂದೋರ್ಗೂ ಸೀನು ಹತ್ಕೊಂಡ್ಬುಡ್ತು. ನಕ್ಕೂ ನಕ್ಕೂ ನಮಗೆಲ್ಲ ಹೊಟ್ಟೆನೋವು."

ನಾನು ಮುಖ್ಯವಾದದ್ದನ್ನು ಕೇಳಿದೆ. ಅಜ್ಜಿ ತಲೆ ಒತ್ತಿದರೇ?

"ಒತ್ತಕ್ ಬಂದ್ರು ಮೇಷ್ಟ್ರೇ, ಸುಳ್ಳ್ಯಾಕೆ ಹೇಳ್ಲಿ. ತಲೆ ಆಡ್ಸು ಸಾಕು ಕಣೇ ಅಂದ್ರು. ಚಿಕ್ಕಪ್ಪಾನೂ ಸಾಕಮ್ಮ, ತಲೆ ಆಡ್ಸು ಅಂದ್ರು. ಅಕ್ಕ ಅಜ್ಜಿ ಕೈ ತಳ್ಬುಟ್ಲು. ಮೂಗು ಹಿಡ್ಕೊಂಡು, 'ಇಲ್ಲ, ಬಾಯ್ಬಿಟ್ಟೇ ಹೇಳ್ತೀನಿ, ಒಂಚೂರು ತಡೀರಿ' ಅಂದ್ಲು. ಎಲ್ರೂ ತಡೆದ್ರು. ಸೀನು ನಿಂತ ಮೇಲೆ ಮೂರು ಸಲ ಕಬೂಲ್ ಅಂದ್ಲು. ಗಟ್ಟಿಯಾಗಿ."

"ಕಾಲೇಜಿಗೆ ಹೋಗಬೇಕು ಅಂತ ಇತ್ತಲ್ಲ?" ಎಂದೆ.

"ಇತ್ತು. ಅದಕ್ಕೆ ಒಂದಿನ ಅತ್ತಿದ್ದೂ ಉಂಟು. ಆದ್ರೆ ಭಾವ ಹಿಂದಿನ ತಿಂಗ್ಳೇ ನಮ್ಮಪ್ಪನ ಹತ್ರ ಮೆಣಸು ತಗಳಕ್ಕೆ ಬಂದಿದ್ರಲ್ಲ, ಅಕ್ಕ ಕಿಟಕೀಲಿ ನೋಡಿದ್ಲು. ಭಾವಂಗೆ ಅದು ಈಗ್ಲೂ ಗೊತ್ತಿಲ್ಲ." ಮುಮ್ತಾಜ್ ಕಣ್ಣೊರೆಸಿಕೊಂಡರು. "ಯಾಕೆ ಹೇಳ್ಲಿಲ್ಲ ಅಂದ್ರೆ, ತಮಾಷೆ ಬಿಟ್ಟು ಒಂದಿನ ಕೇಳ್ಲಿ, ಆವತ್ತು ಹೇಳ್ತೀನಿ ಅಂತಿದ್ಲು."

ಬಾಳ್ಳುಪೇಟೆಗೆ ಬಂದು ಇಷ್ಟನ್ನೂ ಸಾಹೇಬರಿಗೆ ಒಪ್ಪಿಸಿದೆ. ಅವರು ಮೆಣಸಿನ ಚೀಲದ ಬಾಯಿ ಕಟ್ಟುತ್ತಿದ್ದರು. ಕಟ್ಟುವುದು ಬಿಟ್ಟು ಅದರ ಮೇಲೇ ಕೂತರು. "ನನ್ ಷೇರ್ವಾನಿ ದೊಡ್ದಾಗಿತ್ತು, ಅದಕ್ಕೆ ನಗ್ತಾವ್ರೆ ಅನ್ಕೊಂಡಿದ್ದೆ ಇಷ್ಟ್ ದಿನ" ಎಂದರು. ಚೀಲದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತ, "ಎಷ್ಟ್ ಸಲ ಸೀನಿದ್ಲಂತೆ?" ಎಂದು ಕೇಳಿದರು. ಅದನ್ನು ನಾನು ವಿಚಾರಿಸಿರಲಿಲ್ಲ. "ಅಯ್ಯೋ, ಕೇಳ್ಕೊಂಡ್ ಬರ್ಬಾರ್ದಾಗಿತ್ತಾ" ಎಂದು ನನ್ನನ್ನು ಬೈದರು. ಬೈಯುತ್ತಲೇ ಅತ್ತರು. ಒಂದೇ ಒಂದು ಮಾತು ಕೇಳುವುದಕ್ಕೆ ಮನುಷ್ಯರಿಗೆ ನಲವತ್ತು ವರ್ಷ ಸಾಲದೆ ಹೋಗುತ್ತದಲ್ಲ ಎಂದು ನನಗೂ ಸಂಕಟವಾಯಿತು. ಮನೆಗೆ ಹೋದವನೇ ಸಾವಿತ್ರಿಯನ್ನು ಕೂರಿಸಿಕೊಂಡು ಸೀರೆಯ ಬಣ್ಣ ಕೇಳಿದೆ. ಅರಿಸಿನವಂತೆ. ಕೆಂಪು ಅಂಚು.

ಚಿತ್ರ ಶುರುವಾಯಿತು. ಸೀನುವ ಮದುಮಗಳನ್ನು ಬರೆದವರು ಲೋಕದಲ್ಲಿ ಯಾರಾದರೂ ಇದ್ದಾರೋ ಇಲ್ಲವೋ ನನಗೆ ತಿಳಿಯದು. ನಾನು ಸೀನು ನಿಂತ ಮರುಗಳಿಗೆಯನ್ನು ಹಿಡಿದೆ. ಮೂಗಿನ ತುದಿ ಕೆಂಪು, ಕಣ್ಣಲ್ಲಿ ನೀರು, ಅಜ್ಜಿಯ ಕೈಯನ್ನು ತಳ್ಳಿದ ಕೈ ಇನ್ನೂ ಗಾಳಿಯಲ್ಲಿ, ಬಾಯಿ ಆಗತಾನೆ ತೆರೆದಿದೆ. ಹಿಂದೆ ಮೆಣಸಿನ ಚೀಲಗಳು. ತಲೆಯ ಮೇಲೆ ದುಪ್ಪಟ್ಟಾ ಇದ್ದದ್ದರಿಂದ ಕಿವಿಯ ಗಂಡಾಂತರವೂ ತಪ್ಪಿತು.

ಆದರೆ ಎಣ್ಣೆಬಣ್ಣದ ಸ್ವಭಾವವೇ ಬೇರೆ. ನೀರಿನ ಬಣ್ಣದಲ್ಲಿ ನೀರು ಆರಿಹೋಗುತ್ತದೆ, ಕೆಲಸ ಮುಗಿಯುತ್ತದೆ. ಇದರಲ್ಲಿ ಬೆರೆಸುವ ಅಗಸೆಎಣ್ಣೆ ಹಾಗೆ ಆರುವುದಿಲ್ಲ, ಗಾಳಿಯನ್ನು ಕುಡಿದು ನಿಧಾನವಾಗಿ ಗಟ್ಟಿಯಾಗುತ್ತದೆ. ಒಣ ಊರಿನಲ್ಲಿ ವಾರ ಸಾಕಾದರೆ ನಮ್ಮ ಜುಲೈಯಲ್ಲಿ ಮೂರು ವಾರವಾದರೂ ಬೆರಳಿಗೆ ಅಂಟುತ್ತದೆ. ಸಾಹೇಬರು ದಿನಕ್ಕೊಮ್ಮೆ ಬಂದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನೋಡಿ, "ಇನ್ನೂ ಬಿಸ್ಲು ಬೇಕು" ಎಂದು ತೀರ್ಪು ಕೊಟ್ಟು ಹೋಗುತ್ತಿದ್ದರು.

ಒಂದು ದಿನ ಬಂದಾಗ ಬಹಳ ಹೊತ್ತು ನೋಡಿದರು. ಚಿತ್ರದ ಎಡಗಡೆಯ ಅಂಚಿನಲ್ಲಿ ನಾನು ಹಜಾರದ ಬಾಗಿಲು ಬರೆದಿದ್ದೆ. ಮುಚ್ಚಿದ ಬಾಗಿಲು. ಅದನ್ನು ತೋರಿಸಿದರು.

"ಇದ್ರಾಚೆ ನಾನಿದೀನಿ, ಅಲ್ವಾ?"

ಹೌದೆಂದೆ.

"ಒಂಚೂರು ತೆಗೀರಿ ಮೇಷ್ಟ್ರೇ. ಪೂರ್ತಿ ಬ್ಯಾಡ. ಕೇಳುಸ್ಬೇಕು, ಅಷ್ಟೇ."

ಕುಂಚಕ್ಕೆ ತಿಳಿಹಳದಿ ತೆಗೆದುಕೊಂಡು, ಬಾಗಿಲ ಅಂಚಿನುದ್ದಕ್ಕೂ ಬೆರಳಗಲದ ಬೆಳಕು ಎಳೆದೆ. ಬಾಗಿಲು ತೆರೆಯಿತು. ಸಾಹೇಬರು ಮುಂದಕ್ಕೆ ಬಾಗಿದರು, ಕೈ ಅವರಿಗೆ ಗೊತ್ತಿಲ್ಲದ ಹಾಗೆ ಅತ್ತ ಹೋಯಿತು. ನಾನು ತಡೆದೆ. "ಮುಟ್ಟಬೇಡಿ, ಹಸಿ ಇದೆ. ಈ ಮಳೆಯಲ್ಲಿ ಇನ್ನೂ ಎರಡು ವಾರ ಕಾಯಬೇಕು" ಎಂದೆ.

"ಕಾಯ್ತೀನಿ ಬುಡಿ" ಎಂದು ಅವರು ಸ್ಟೂಲನ್ನು ಎಳೆದುಕೊಂಡು ಚಿತ್ರದ ಬಾಗಿಲಿನ ಎದುರಿಗೆ ಕೂತರು. "ಆವತ್ತೂ ಹೊರ್ಗೇ ಕೂತಿದ್ದೆ."