ಇಡ್ಲಿ ಡಬ್ಬಿಯಲ್ಲಿ ಕಡಲ ಮಡಕೆ

ಬೆಳಿಗ್ಗೆ ಒಂಬತ್ತಕ್ಕೆ ರಾಜಾಜಿನಗರದ ಮನೆ ಬಿಟ್ಟೆ. ಕೈಯಲ್ಲಿ ಇಡ್ಲಿ ಡಬ್ಬಿ, ಅದರೊಳಗೆ ಹತ್ತಿಯಲ್ಲಿ ಸುತ್ತಿದ ಅಂಗೈಯಗಲದ ಮಡಕೆ ಚೂರು. ಕಾಲೇಜಿನಲ್ಲಿ ಹಳೇ ಮಡಕೆಗಳನ್ನೇ ಓದುವ ಮೊಮ್ಮಗಳು ಸಿಂಧು, ಚಿತ್ರ ಬರೆಯಲೆಂದು ಅದನ್ನು ಮನೆಗೆ ತಂದು, ಇವತ್ತು ಮರೆತು ಬಿಟ್ಟು ಹೋಗಿದ್ದಳು. ಕಡಲಂಚಿನಲ್ಲಿ ಬೇಟೆಯಾಡಿ, ಮೀನು ಹಿಡಿದು, ಗೆಡ್ಡೆ ಅಗೆದು ಬದುಕಿದ ಜನರದ್ದಂತೆ. ಸಾವಿರಾರು ವರ್ಷ ಹಳೆಯದು.

ಹೊರಡುವ ಮುಂಚೆ, ಚೂರಿನ ಮೇಲೆ ಮಸಿ ಕಂಡು ಹುಣಸೆಹಣ್ಣು ಹಚ್ಚಿ ಉಜ್ಜಲು ಹೊರಟಿದ್ದೆ. ಅಷ್ಟರಲ್ಲಿ ಅವಳ ಫೋನು. "ಅಜ್ಜೀ, ತೊಳೀಬೇಡಿ! ಹಂಗೇ ತನ್ನಿ. ಹನ್ನೊಂದಕ್ಕೆ ಮೇಡಂಗೆ ಚಿತ್ರ ಕೊಡ್ಬೇಕು, ಯಾವ ಕಡೆ ಮೇಲೆ ಅಂತಾನೇ ಗೊತ್ತಾಗ್ತಿಲ್ಲ. ತಪ್ಪಾದ್ರೆ ಈ ಕೆಲ್ಸ ಬೇರೆಯವರಿಗೆ ಕೊಟ್ಬಿಡ್ತಾರೆ."

ವಿಜಯನಗರಕ್ಕೊಂದು ಬಸ್ಸು, ಅಲ್ಲಿಂದ ಅವಳ ಕಾಲೇಜಿರುವ ಮಲ್ಲತ್ತಹಳ್ಳಿಗೆ ಇನ್ನೊಂದು. ಆಧಾರ್ ತೋರಿಸಿದೆ, ದುಡ್ಡಿಲ್ಲದ ಟಿಕೆಟ್ ಸಿಕ್ಕಿತು.

"ಡಬ್ಬೀಲಿ ಏನಜ್ಜಿ, ಎದೆಗವಚ್ಕೊಂಡಿದೀರ?" ಎಂದ ಕಂಡಕ್ಟರ್.

"ಒಡೆದ ಮಡಕೆ ಕಣಪ್ಪ."

"ಒಡೆದಿರೋದಕ್ಕೆ ಇಷ್ಟು ಜೋಪಾನವಾ! ನಮ್ಮನೇಲೂ ಎರಡಿದೆ, ತಂದ್ಕೊಡ್ಲಾ?"

ಹೊರಗೆ ತುಂತುರು ಮಳೆ. ಚೂರನ್ನು ಅಂಗೈಯಲ್ಲಿಟ್ಟುಕೊಂಡು ಕೂತೆ. ಕಣ್ಣು ಮಂಪರಾಯಿತು. ಒದ್ದೆ ರಸ್ತೆಯ ಸದ್ದು ನಾನು ಎಂದೂ ಕಾಣದ ಕಡಲಿನ ಸದ್ದಾಯಿತು. ಮರಳಿನ ಮೇಲೆ ಒಲೆ, ಒಲೆಯ ಮುಂದೆ ಒಬ್ಬಳು. ಮುಖ ಕಾಣಲಿಲ್ಲ. ಬಸ್ಸು ಕುಲುಕಿದಾಗ ಕಣ್ಣು ಬಿಟ್ಟೆ. ಹೆಬ್ಬೆರಳ ಕೆಳಗೊಂದು ಕಪ್ಪು ಗೆರೆ. ಹರಿದು ಬಂದು, ತುದಿಯಲ್ಲಿ ಹನಿಯಂತೆ ದಪ್ಪಗಾಗಿತ್ತು. ಇದು ನನಗೆ ಗೊತ್ತಿರುವ ಗೆರೆ!

ಕಾಲೇಜಿನ ಬಾಗಿಲಲ್ಲೇ ಕೂಗಿದೆ. "ಉಕ್ಕಿರೋದು ಕಣೇ ಸಿಂಧೂ! ಉಕ್ಕಿದ ಗಂಜಿ ಕೆಳಗೆ ತಾನೇ ಇಳಿಯೋದು? ಹನಿ ಇರೋ ಕಡೆ ಕೆಳಗೆ!"

ಅವಳು ಬರೆದದ್ದು ತಲೆಕೆಳಗಾಗಿತ್ತು. ಅವಳ ಮೇಡಂ ಭೂತಗನ್ನಡಿ ಹಿಡಿದು ಎಷ್ಟೋ ಹೊತ್ತು ನೋಡಿದರು. ಸಿಂಧು ನನ್ನ ಸೆರಗು ಬಿಡಲಿಲ್ಲ.

"ಅಜ್ಜಿ ಹೇಳೋದು ಸರಿಯಾಗಿದೆ. ತಿರುಗಿಸಿ ಬರೀಮ್ಮ. ಕೆಲ್ಸ ನಿನ್ನ ಹತ್ರಾನೇ ಇರ್ಲಿ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಲ್ಲೀವರೆಗೆ ಓದಿದೀರಮ್ಮ?"

"ಮೂರನೇ ಕ್ಲಾಸು. ಆದ್ರೆ ಐವತ್ತು ವರ್ಷದಿಂದ ಉಕ್ಕಿಸ್ತಾ ಇದೀನಿ ಮೇಡಂ!"

ಸಿಂಧು ಎಲ್ಲರೆದುರಿಗೇ ನನ್ನನ್ನು ತಬ್ಬಿಕೊಂಡಳು. ವಾಪಸ್ ಬಸ್ಸಿನಲ್ಲಿ ನನ್ನ ಕಾಲು ನೆಲದ ಮೇಲಿರಲಿಲ್ಲ.

ಮನೆಗೆ ಬಂದು ಹಾಲಿಟ್ಟೆ. ಕಡಲಂಚಿನ ಆ ಹೆಂಗಸು ಅವತ್ತು ಗಂಜಿ ಉಕ್ಕುವಾಗ ಯಾವ ಕಡೆ ತಿರುಗಿ ನೋಡಿದ್ದಳೋ, ಮಗು ಅತ್ತಿತೋ, ದೋಣಿ ಬಂತೋ ಎಂದುಕೊಳ್ಳುತ್ತ ನಿಂತಿದ್ದೆ. ಹಾಲು ಉಕ್ಕಿ ಪಾತ್ರೆಯ ಮೈಮೇಲೆ ಗೆರೆಯಾಗಿ ಇಳಿಯಿತು. ಒರೆಸುವ ಬಟ್ಟೆ ಕೈಗೆ ತೆಗೆದುಕೊಂಡವಳು, ಮತ್ತೆ ಮೊಳೆಗೆ ತಗುಲಿಹಾಕಿದೆ.