ಮಂಕರಿ ಕೆಳಗಿನ ಹಿಟ್ಟು

ಸತ್ತವರು ಏನಾಗಿ ಹುಟ್ಟುತ್ತಾರೆ? ನಮ್ಮ ಕಡೆ ಇದಕ್ಕೆ ಪುರಾಣ ಬಿಚ್ಚಬೇಕಿಲ್ಲ. ಪ್ರಾಣ ಹೋದ ಜಾಗದಲ್ಲಿ ರಾಗಿಹಿಟ್ಟು ಹರಡಿ, ಮೇಲೆ ಮಂಕರಿ ಬುಟ್ಟಿ ಬೋರಲು ಹಾಕಿ, ಪಕ್ಕದಲ್ಲಿ ದೀಪ ಇಟ್ಟು ಬಾಗಿಲು ಎಳೆದುಕೊಂಡರೆ ಆಯಿತು. ಬೆಳಿಗ್ಗೆ ಹಿಟ್ಟಿನಲ್ಲಿ ಗುರುತು ಇರುತ್ತದೆ. ಹಸುವಿನ ಗೊರಸು, ಕೂಸಿನ ಪಾದ, ಗುಬ್ಬಿಯ ಕಾಲು.

ನಾನು ನಂಬುವವನಲ್ಲ. (ಇಂಟರ್‌ಮೀಡಿಯೆಟ್ ಫೇಲಾದವನಿಗೂ ಇಷ್ಟು ಜಂಬ ಇರಬಾರದೇ?)

ಹೋದ ತಿಂಗಳು ಪೂರಿಗಾಲಿಯಲ್ಲಿ ನನ್ನ ಸೋದರತ್ತೆ ದೇವೀರಮ್ಮ ತೀರಿಕೊಂಡಳು. ಮಂಡ್ಯದಿಂದ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಹತ್ತಿ ಹೋದೆ. ಬೆಳಿಗ್ಗೆ ಅತ್ತೆಯ ಮಗ ನಿಂಗೇಗೌಡ ಮಂಕರಿ ಎತ್ತಿದ. ಎತ್ತಿದವನು ಹಾಗೇ ನಿಂತ.

"ಇದೇನ್ ಬಾವ, ಗೀಟ್ ಗೀಟಾಗದೆ? ನೀನ್ ಓದ್ದೋನು, ನೋಡು."

ಬಗ್ಗಿ ನೋಡಿದೆ. ಅಕ್ಷರ!

ಆ ಮನೆಯಲ್ಲಿ ಎಲ್ಲರೂ ಹೆಬ್ಬೆಟ್ಟಿನವರು. ಅತ್ತೆಗೆ ಮಾತ್ರ ಅಕ್ಷರ ಬರುತ್ತಿತ್ತು. ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ಚಿಕ್ಕಂದಿನಲ್ಲಿ ನಾನು ಮರಳಲ್ಲಿ ತಿದ್ದುವುದನ್ನು ನೋಡಿ ನೋಡಿಯೇ ಕಲಿತಿದ್ದಳು. ಬೀಸುವ ಕಲ್ಲಿನ ಸುತ್ತ ಬಿದ್ದ ಹಿಟ್ಟಿನಲ್ಲಿ ಬೆರಳಾಡಿಸಿ ಪದ ಕಟ್ಟುವಳು. ಯಾರಾದರೂ ಬಂದರೆ ಸೆರಗಿನಿಂದ ಒರೆಸುವಳು. ಮಾವ ಬೇಗ ಹೋಗಿಬಿಟ್ಟಿದ್ದ.

"ಯಾರ್ಗೂ ಏಳ್ಬ್ಯಾಡ ಕಣ್ ಮಗ. ಅಕ್ಸರ ಕಲ್ತು ಗಂಡನ್ನ ತಿಂದ್ಕಂಡ್ಳು ಅಂತಾರೆ" ಎಂದಿದ್ದಳು.

ಯಾರಿಗೂ ಹೇಳಲಿಲ್ಲ. ಹೇಳದೆ ಏನು ಮಾಡಿದೆ ಗೊತ್ತೇ? ಯುಗಾದಿ ಸಂಚಿಕೆಯ ನನ್ನ ಈ ಅಂಕಣದಲ್ಲಿ ಎರಡು ಸಾಲು ಬಂದಿತ್ತು, ನೆನಪಿದೆಯೇ?

ಹಿಟ್ಟಿನಲ್ಲಿ ಬರೆದದ್ದು ಸೆರಗಿಗೆ ಗೊತ್ತು,
ಒರೆಸಿದ ಮೇಲೆ ಕಲ್ಲಿಗೆ ಗೊತ್ತು.

ಮದ್ದೂರಿನಿಂದ, ಮಳವಳ್ಳಿಯಿಂದ ಮೆಚ್ಚಿ ಕಾರ್ಡು ಬರೆದಿರಿ. "ನೀವು ಕವಿಗಳೂ ಹೌದು" ಎಂದಿರಿ. ಉಬ್ಬಿ ಹೋದೆ. ಅತ್ತೆ ಯಾರಿಗೂ ಹೇಳಬೇಡ ಎಂದಿದ್ದು ನಿಜ. ತನ್ನ ಸಾಲಿಗೆ ನಿನ್ನ ಹೆಸರು ಹಾಕಿಕೋ ಎಂದಿದ್ದಳೇ?

ಮಂಕರಿಯ ಕೆಳಗೆ ಇದ್ದದ್ದು ಎರಡನೆಯ ಸಾಲು. ಅದರ ಕೆಳಗೆ, ನಾನು ಸಹಿ ಹಾಕುವ ಜಾಗದಲ್ಲಿ, "ದೇವೀರಮ್ಮ".

ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

"ಗುಬ್ಬಿ ಕಾಲು" ಎಂದೆ.

ನಿಂಗೇಗೌಡನ ಕಣ್ಣಲ್ಲಿ ನೀರು. "ಅವ್ವ ಗುಬ್ಬಿಯಾಗವ್ಳೆ, ಬುಡು. ಆರ್ಕಂಡು ಸುಖವಾಗಿರ್ಲಿ."

ಅವನ ಹೆಂಡತಿ ಕೆಂಪಮ್ಮ ಮಾತ್ರ ನನ್ನ ಮುಖದಿಂದ ಕಣ್ಣು ಕೀಳಲಿಲ್ಲ. "ಗುಬ್ಬಿ ಕಾಲ್ನ ಯಾಕಣ್ಣ ತುಟಿ ಆಡಿಸ್ಕಂಡ್ ನೋಡ್ದೆ?"

ನಾನೇ ಆ ಹಿಟ್ಟನ್ನು ಬಾಚಿ ನಾಲೆಗೆ ಬಿಟ್ಟೆ. ಸತ್ತವಳ ಬರಹವನ್ನೂ ಒರೆಸಿದೆ ನೋಡಿ, ಎಂಥ ಗಂಡಸು!

ಮಂಡ್ಯಕ್ಕೆ ಬಂದು ಅಂಕಣ ಬರೆಯಲು ಕೂತರೆ ಹಾಳೆಯ ಮೇಲೆ ತೆಳ್ಳಗೆ ರಾಗಿಹಿಟ್ಟು. ಕೊಡವಿದೆ. ಮರುವಾರವೂ ಇತ್ತು. ರೊಟ್ಟಿ ತಟ್ಟಿದ ಕೈಯಲ್ಲಿ ಮೇಜು ಮುಟ್ಟಿದೆಯಾ ಎಂದು ಹೆಂಡತಿಯನ್ನು ಗದರಿದೆ. "ರೇಷನ್ ಅಂಗಡೀಲಿ ಹದಿನೈದು ದಿನದಿಂದ ರಾಗಿಯೇ ಇಲ್ಲ. ರೊಟ್ಟಿ ಎಲ್ಲಿಂದ ಬಂತು?" ಎಂದಳು. ಯುದ್ಧ ಮುಗಿದರೂ ರೇಷನ್ನು ಮುಗಿದಿಲ್ಲ, ನಿಮಗೂ ಗೊತ್ತು. ಹಾಗಾದರೆ ಈ ಹಿಟ್ಟು?

ಮೊನ್ನೆ ಕಾಶಿಯಿಂದ ಬಂದ ಸ್ನೇಹಿತರೊಬ್ಬರು ಕಾಫಿ ಕುಡಿಯುತ್ತಾ ನೇಪಾಳದ ಒಬ್ಬ ಹೆಣ್ಣುಮಗಳ ಕತೆ ಹೇಳಿದರು. ಅವಳ ಊರಲ್ಲೂ ಹೆಂಗಸು ಓದಿದರೆ ಮುಂಡೆಯಾಗುತ್ತಾಳೆ ಅನ್ನುತ್ತಿದ್ದರಂತೆ. ಕದ್ದು ಕಲಿತು, ಬಾಗಿಲು ಹಾಕಿಕೊಂಡು ಪದ್ಯ ಬರೆದು, ಕೊನೆಗೆ ತನ್ನ ಹೆಸರಲ್ಲೇ ಅಚ್ಚು ಹಾಕಿಸಿದಳಂತೆ. ಆ ಹೆಸರನ್ನು ಅವರು ಎಷ್ಟು ಗೌರವದಿಂದ ಹೇಳಿದರೆಂದರೆ, ನಾನು ಅರ್ಧ ಕಾಫಿಯನ್ನೇ ಕೆಳಗಿಟ್ಟೆ.

ಇವತ್ತೂ ಹಾಳೆಯ ಮೇಲೆ ಹಿಟ್ಟಿದೆ. ಕೊಡವಿಲ್ಲ. ಅದರ ಮೇಲೇ ಬರೆಯುತ್ತಿದ್ದೇನೆ: ಯುಗಾದಿಯ ಆ ಎರಡು ಸಾಲು ಬರೆದವಳು ಪೂರಿಗಾಲಿಯ ದೇವೀರಮ್ಮ.

ಅತ್ತೇ, ಈಗ ಸರಿಯಾಗಿ ಓದಿದೆನಾ?