ಮೂರನೆಯ ಅಬ್ಬರ

ನಾನು ನಿಮಗಿಂತಲೂ ಚಿಕ್ಕವಳಿದ್ದಾಗ ನಿಮ್ಮ ಅಮ್ಮ, ಎಂದರೆ ನನ್ನ ಅಕ್ಕ, ಮೂಡುಬಿದಿರೆಯಲ್ಲಿ ಕಾಲೇಜು ಓದುತ್ತಿದ್ದಳು. ಇಂಥ ಕತೆಗಳನ್ನು ನಿಮ್ಮ ಅಜ್ಜ, ಎಂದರೆ ನನ್ನ ಅಪ್ಪ, ಹೇಳಬೇಕು. ಆದರೆ ಆ ದಿನದ ಮಾತು ಬಂದರೆ ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ಹಾಗಾಗಿ ನಾನು ಹೇಳುತ್ತೇನೆ.

ಅಂದು ಕಾಲೇಜ್ ಡೇ. ಸಂಜೆ ವಿದ್ಯಾರ್ಥಿಗಳ ಯಕ್ಷಗಾನ, ಅದಕ್ಕೆ ಚೆಂಡೆ ಅಕ್ಕನದು. ಅಪ್ಪ ಮತ್ತು ನಾನು ಮಧ್ಯಾಹ್ನ ಬಿ.ಸಿ.ರೋಡಿನಲ್ಲಿ ಬಸ್ಸು ಹತ್ತಿದೆವು. ಗಾಳಿಯೇ ಇರಲಿಲ್ಲ. ಬಸ್ಸಿನ ಸೀಟು ಬೆನ್ನಿಗೆ ಅಂಟುತ್ತಿತ್ತು. ಘಟ್ಟದ ಕಡೆ ಆಕಾಶ ಹಳೆಯ ಪೆಟ್ಟಿನ ಗಾಯದಂತೆ ನೀಲಿಗಟ್ಟಿತ್ತು. ಅಪ್ಪ ಅದನ್ನೇ ನೋಡುತ್ತಾ, "ಇವತ್ತು ಚರ್ಮ ಸರಿಯಾಗಿ ಮಾತಾಡ್ಲಿಕ್ಕಿಲ್ಲ" ಎಂದರು. ಅವರು ಹೇಳಿದ್ದು ಚೆಂಡೆಯ ಚರ್ಮದ ವಿಷಯ. ಹಿಂದೆ ಯಕ್ಷಗಾನಕ್ಕೆ ಚೆಂಡೆ ಬಾರಿಸುತ್ತಿದ್ದವರು ಅವರು. ಅಕ್ಕನಿಗೆ ಕಲಿಸಿದವರೂ ಅವರೇ.

ನಾವು ತಲುಪಿದಾಗ ಅಕ್ಕ ಕಾಲೇಜಿನ ಅಂಗಳದಲ್ಲಿ ಚೆಂಡೆಯನ್ನು ಬಿಸಿಲಿಗಿಟ್ಟು ಕಾಯುತ್ತಿದ್ದಳು. ತೇವ ಹಿಡಿದ ಚರ್ಮ ಬಿಗಿಯಾಗಲು ಬಿಸಿಲು ಬೇಕು. ಅಂದು ಬಿಸಿಲೇ ಸಾಯುತ್ತಿತ್ತು. ಪಕ್ಕದಲ್ಲಿ ಅವಳ ಹಾಸ್ಟೆಲಿನ ಗೆಳತಿ, ಗುರುವಾಯನಕೆರೆಯ ಕಡೆಯ ಹುಡುಗಿ, ಮುಖಕ್ಕೆಲ್ಲ ಕಪ್ಪು ಕೆಂಪು ಬಣ್ಣ ಬಳಿದು ನಿಂತಿದ್ದಳು. ಅವಳದು ರಾಕ್ಷಸಿಯ ವೇಷ.

"ಜೋರು ಕೂಗು ಮಾರಾಯ್ತಿ. ಮೊನ್ನೆ ಬೆಕ್ಕಿನ ಮರಿ ಕೂಗಿದ ಹಾಗೆ ಇತ್ತು" ಎಂದಳು ಅಕ್ಕ.

"ನೀನು ಚೆಂಡೆ ಮೇಲೆ ನಿದ್ದೆ ಮಾಡದಿದ್ರೆ ಸಾಕು."

ಕಾರ್ಯಕ್ರಮ ನೋಡಿಕೊಳ್ಳುತ್ತಿದ್ದ ಮೇಷ್ಟ್ರು ಆಕಾಶ ನೋಡಿ ಬೇಸರಪಟ್ಟರು. "ಇಷ್ಟು ತಾಪತ್ರಯ ಯಾಕೆ? ಬರುವ ವರ್ಷ ಕ್ಯಾಸೆಟ್ ಹಾಕುವ. ಅದಕ್ಕೆ ಬಿಸಿಲೂ ಬೇಡ, ಊಟವೂ ಬೇಡ."

"ಕ್ಯಾಸೆಟ್ ನನ್ನನ್ನು ನೋಡ್ತದಾ ಸರ್?" ಎಂದು ರಾಕ್ಷಸಿ ಕೇಳಿದಳು. ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ಅವಳ ಹಣೆಗೆ ಬಿಗಿದಿದ್ದ ಕಿರೀಟದ ಹಗ್ಗವನ್ನು ನೋಡುತ್ತಿದ್ದರು. "ಬಿಗಿ ಹೆಚ್ಚಾಯ್ತಾ ಮಗಾ?" ಎಂದರು. ಅವಳು ಇಲ್ಲವೆಂದು ತಲೆಯಾಡಿಸಿದಳು.

ಸಂಜೆಗೆ ಮೊದಲೇ ಕತ್ತಲಾಯಿತು. ಒಂದು ಗುಡುಗಿಗೆ ಕರೆಂಟು ಹೋಯಿತು, ಮೈಕು ಸತ್ತಿತು. ಯಾರೋ ಎರಡು ಗ್ಯಾಸ್‌ಲೈಟ್ ತಂದು ವೇದಿಕೆಯ ಬದಿಗಿಟ್ಟರು. ಆ ಬೆಳಕಿನಲ್ಲಿ ಆಟ ಶುರುವಾಯಿತು.

ರಾಕ್ಷಸಿ ಬರುವ ಕ್ರಮ ಹೀಗೆ. ಇಬ್ಬರು ವೇದಿಕೆಯಲ್ಲಿ ತೆರೆ ಹಿಡಿದು ನಿಲ್ಲುತ್ತಾರೆ. ಅವಳು ಹಿಂದಿನ ಚೌಕಿಯಿಂದ, ಅಂದರೆ ಬಣ್ಣ ಹಚ್ಚುವ ಕೋಣೆಯಿಂದ, ಅಬ್ಬರಿಸಬೇಕು. ಚೆಂಡೆ ಅದಕ್ಕೆ ಉತ್ತರ ಕೊಡಬೇಕು. ಹೀಗೆ ಮೂರು ಸಲ ಆದ ಮೇಲೆ ಅವಳು ತೆರೆಯ ಹಿಂದೆ ಬರುತ್ತಾಳೆ.

ಮೊದಲ ಅಬ್ಬರಕ್ಕೆ ನಾನು ಅಪ್ಪನ ತೋಳಿಗೆ ಮುಖ ಒತ್ತಿದೆ. ಅಕ್ಕನ ಚೆಂಡೆ ಸಿಡಿಯಿತು. ಎರಡನೆಯದು ಅರ್ಧಕ್ಕೇ ನಿಂತಿತು. ಅಕ್ಕ ಉತ್ತರ ಕೊಟ್ಟು ಕಾದಳು. ಮೂರನೆಯದು ಬರಲಿಲ್ಲ.

ಅಕ್ಕ ಮತ್ತೆ ಬಾರಿಸಿದಳು. ಕೈ ನಿಲ್ಲಿಸಿ ಕಿವಿಗೊಟ್ಟಳು. ಮತ್ತೆ ಬಾರಿಸಿದಳು. ಪ್ರತಿ ಸಲವೂ ಪೆಟ್ಟು ಗಿಡ್ಡವಾಗುತ್ತಿತ್ತು, ಬಾಗಿಲು ತಟ್ಟಿದಂತೆ. ಜನರಿಗೆ ಇದು ಆಟದ ಸೊಗಸೆಂದೇ ಅನಿಸಿತು. "ಎಂಥ ಕೈ ಮಾರಾಯ! ಕಾಯಿಸಿ ಕಾಯಿಸಿ ಕೊಲ್ತಾಳೆ" ಎಂದು ಹಿಂದಿನವರೊಬ್ಬರು ಚಪ್ಪಾಳೆ ತಟ್ಟಿದರು. ಸಭೆಯೆಲ್ಲ ತಟ್ಟಿತು.

ಅಪ್ಪ ಮಾತ್ರ ತಟ್ಟಲಿಲ್ಲ. "ಅವಳು ಬಾರಿಸುವುದಲ್ಲ, ಕರೆಯುವುದು" ಎಂದು ನನ್ನನ್ನು ಎಳೆದುಕೊಂಡೇ ಓಡಿದರು.

ಚೌಕಿಯಲ್ಲಿ ದೀಪವಿರಲಿಲ್ಲ. ಸುಟ್ಟ ಎಣ್ಣೆಯ, ಬಣ್ಣದ, ಬೆವರಿನ ವಾಸನೆ. ಗೋಡೆಗೆ ಒರಗಿ ದೊಡ್ಡ ಕಿರೀಟವೊಂದು ವಾಲಿತ್ತು. ಅದರ ಕೆಳಗೆ ಅವಳು. ಮಿಂಚಿದಾಗ ಕಣ್ಣಿನ ಬಿಳಿ ಮಾತ್ರ ಕಂಡಿತು. ಬೇರೆಲ್ಲರೂ ಆಟ ನೋಡಲು ವೇದಿಕೆಯ ಬದಿಗೆ ಹೋಗಿದ್ದರು. ಅಪ್ಪ ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಡಿಸಿದರು, ಮುಖಕ್ಕೆ ನೀರು ಎರಚಿದರು. ಬಣ್ಣ ಇಳಿದು ನೆಲದ ಮೇಲೆ ಕಪ್ಪಗೆ ಹರಿಯಿತು. ಅವಳು ಅಲುಗಲಿಲ್ಲ.

ಹೊರಗೆ ಚೆಂಡೆ ಕರೆಯುತ್ತಲೇ ಇತ್ತು.

ಎಷ್ಟು ಹೊತ್ತೋ ಗೊತ್ತಿಲ್ಲ. ಮೊದಲು ಅವಳ ಬೆರಳು ಅಲುಗಿತು, ನೆಲದ ಮೇಲೆ, ಅಕ್ಕನ ಪೆಟ್ಟಿಗೆ ಸರಿಯಾಗಿ. ಆಮೇಲೆ ಬಾಯಿ ತೆರೆದು ಅವಳು ಕೂಗಿದಳು. ನಿಜಕ್ಕೂ ಬೆಕ್ಕಿನ ಮರಿಯಷ್ಟೇ ಸ್ವರ. ಆದರೆ ಹೊರಗೆ ಚೆಂಡೆ ಥಟ್ಟನೆ ನಿಂತಿತು. ಅಕ್ಕ ಕೇಳಿಸಿಕೊಂಡಿದ್ದಳು. ಮರುಕ್ಷಣ ಅವಳು ಕೊಟ್ಟ ಉತ್ತರಕ್ಕೆ ಚೌಕಿಯ ತಗಡು ನಡುಗಿತು.

ರಾಕ್ಷಸಿ ಅಂದು ಕುಣಿಯಲಿಲ್ಲ, ಅಪ್ಪ ಬಿಡಲಿಲ್ಲ. ಕರೆಸಿದ ಡಾಕ್ಟರು ಅವಳ ಹಣೆಯ ಮೇಲಿನ ಹಗ್ಗದ ಗೆರೆಯನ್ನು ಬಹಳ ಹೊತ್ತು ನೋಡಿದರು. "ಮಧ್ಯಾಹ್ನವೇ ನಾನು ಬಿಚ್ಚಬೇಕಿತ್ತು" ಎಂದರು ಅಪ್ಪ. ಅದೇ ನನಗೆ ಇನ್ನೂ ನೆನಪಿದೆ.

ಈಗ ನಿಮ್ಮ ಕಾಲ. ನಿಮ್ಮಲ್ಲಿ ದೊಡ್ಡವಳು ಈ ವರ್ಷ ಕಾಲೇಜು ಸೇರಿದ್ದಾಳೆ, ಶನಿವಾರ ಅವಳಿಗೂ ರಾಕ್ಷಸಿಯ ವೇಷ ಉಂಟು. ದೀಪಗಳು ಚೆನ್ನಾಗಿವೆ. ಕರೆಂಟು ಹೋದರೆ ಜನರೇಟರ್ ಇದೆ. ಚೆಂಡೆಗೆ ಬದಲು ಫೋನಿನಲ್ಲಿ ರೆಕಾರ್ಡಿಂಗ್ ಇದೆ. ನಿನ್ನೆ ನೀವು ನನಗೆ ಅದನ್ನು ಕೇಳಿಸಿದಿರಿ. ಸ್ಪಷ್ಟವಾಗಿದೆ, ಒಂದು ಪೆಟ್ಟೂ ತಪ್ಪಿಲ್ಲ. ಅದರಲ್ಲಿ ಮೂರು ಅಬ್ಬರವೂ ಇದೆ, ಮೂರಕ್ಕೂ ಉತ್ತರವಿದೆ. ಚೌಕಿಯಲ್ಲಿ ಯಾರು ಹೇಗಿದ್ದರೂ ಅದು ಮೂರಕ್ಕೇ ಮುಗಿಯುತ್ತದೆ.

ನಿಮ್ಮ ಅಮ್ಮನೂ ಪಕ್ಕದಲ್ಲಿ ನಿಂತು ಕೇಳಿದಳು. ಇವತ್ತು ಬೆಳಿಗ್ಗೆ ನೋಡುತ್ತೇನೆ, ಅಂಗಳದ ಬಿಸಿಲಿನಲ್ಲಿ ಅವಳ ಚೆಂಡೆ ಕೂತಿತ್ತು.